ಬಾಂಡ್ ಪೇಪರ್‌ನಲ್ಲಿ ಬರೆದರೆ, ವಾಟ್ಸಾಪ್‌ನಲ್ಲಿ ತಲಾಖ್ ಅಂದರೆ ಮದುವೆ ಮುಗಿಯಿತೇ?

ಪ್ರಶ್ನೆ: ಮೇಡಂ, ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ಹಿಂದೂ ಸಂಪ್ರದಾಯದಂತೆ ಮದುವೆಯಾಗಿ ಆರು ವರ್ಷ ಆಯಿತು. ಗಂಡನ ಜೊತೆ ಹೊಂದಿಕೆ ಆಗಲಿಲ್ಲ. ಎರಡು ವರ್ಷದ ಹಿಂದೆ ಊರಿನ ಹಿರಿಯರು ಪಂಚಾಯ್ತಿ ಮಾಡಿದರು. ನೂರು ರೂಪಾಯಿ ಬಾಂಡ್ ಪೇಪರ್‌ನಲ್ಲಿ ‘ಇನ್ನು ನಮಗೂ ನಿಮಗೂ ಸಂಬಂಧವಿಲ್ಲ’ ಎಂದು ಬರೆಸಿ ನೋಟರಿ ಸೀಲು ಹಾಕಿಸಿದರು. ಈಗ ಮನೆಯಲ್ಲಿ ನನಗೆ ಬೇರೆ ಗಂಡು ನೋಡಿದ್ದಾರೆ. ಪಕ್ಕದ ಮಷೀನಿನಲ್ಲಿ ಕೂರುವ ನನ್ನ ಗೆಳತಿ ಮುಸ್ಲಿಂ. ಅವಳ ಗಂಡ ಮೂರು ವರ್ಷದ ಹಿಂದೆ ವಾಟ್ಸಾಪ್‌ನಲ್ಲಿ ಮೂರು ಸಲ ತಲಾಖ್ ಎಂದು ಕಳಿಸಿ ಹೋದವನು, ಅವಳಿಗಾಗಲಿ ಮಗಳಿಗಾಗಲಿ ಒಂದು ರೂಪಾಯಿ ಕೊಟ್ಟಿಲ್ಲ. ‘ನಿಮ್ಮಲ್ಲಿ ಕೋರ್ಟು, ನಮ್ಮಲ್ಲಿ ಬಾಯಿಮಾತು’ ಅನ್ನುತ್ತಾಳೆ. ನಮ್ಮಿಬ್ಬರಿಗೂ ಡೈವೋರ್ಸ್ ಆಗಿದೆಯಾ?

ಉತ್ತರ: ಇಲ್ಲ. ಇಬ್ಬರಿಗೂ ಆಗಿಲ್ಲ. ಕಾನೂನಿನ ಕಣ್ಣಲ್ಲಿ ನೀವಿಬ್ಬರೂ ಇವತ್ತಿಗೂ ಆ ಗಂಡಂದಿರ ಹೆಂಡತಿಯರೇ. ನಿಮ್ಮ ಮನೆಯಲ್ಲಿ ಮದುವೆ ಮಾತು ನಡೆಯುತ್ತಿರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ದಯವಿಟ್ಟು ಈಗಲೇ ತಾಂಬೂಲ ಬದಲಿಸಬೇಡಿ. ಮೊದಲ ಮದುವೆ ಮುಗಿಯದೆ ಇನ್ನೊಂದು ಮದುವೆಯಾದರೆ ಅದು ಊರ್ಜಿತವಲ್ಲ. ಮೊದಲ ಗಂಡ ದೂರು ಕೊಟ್ಟರೆ 7 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

ಬಾಂಡ್ ಪೇಪರ್ ನಂಬಿ ಮೋಸಹೋದವರಲ್ಲಿ ನೀವು ಮೊದಲನೆಯವರಲ್ಲ. ಸೀಲು, ಸಹಿ, ಸಾಕ್ಷಿ ಎಲ್ಲ ನೋಡಿ ಜನ ನಂಬಿಬಿಡುತ್ತಾರೆ. ಹಿರಿಯರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಮದುವೆಯನ್ನು ಕೋರ್ಟೇ ಮುಗಿಸಬೇಕು. ಕೆಲವು ಸಮುದಾಯಗಳಲ್ಲಿ ಪಂಚಾಯ್ತಿ ಬಿಡುಗಡೆಯ ಪದ್ಧತಿ ಹಿಂದಿನಿಂದ ಬಂದಿದೆ. ಅದಕ್ಕೆ ಕಾಯ್ದೆಯಲ್ಲಿ ಜಾಗ ಇದೆ ನಿಜ. ಆದರೆ ಆ ಪದ್ಧತಿ ತಲೆತಲಾಂತರದಿಂದ ಇದೆ ಎಂದು ಸಾಬೀತು ಮಾಡುವ ಹೊರೆ ನಿಮ್ಮ ಮೇಲೇ ಬೀಳುತ್ತದೆ. ಅದನ್ನು ನೆಚ್ಚಿಕೊಂಡು ಕೂರಬೇಡಿ.

ನಿಮ್ಮ ದಾರಿ ಅಷ್ಟು ಕಷ್ಟದ್ದೇನಲ್ಲ. ಗಂಡನೂ ಒಪ್ಪಿದರೆ ಇಬ್ಬರೂ ಸೇರಿ ಫ್ಯಾಮಿಲಿ ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಬಹುದು. ಒಂದು ವರ್ಷವಾದರೂ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಿಸುತ್ತಾರೆ. ಆದರೆ ಒಂದೂವರೆ ವರ್ಷದಿಂದ ಬೇರೆ ಇದ್ದು, ರಾಜಿ ಪ್ರಯತ್ನ ಫಲಿಸದೆ, ಜೀವನಾಂಶ, ಮಕ್ಕಳು, ಒಡವೆ ಎಲ್ಲ ತೀರ್ಮಾನ ಆಗಿದ್ದರೆ ಆ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಬೇರೆಯಾಗಿ ಎರಡು ವರ್ಷ ಆಯಿತಲ್ವಾ? ಆ ವಿನಾಯಿತಿ ಕೇಳಿ. ಬಾಂಡ್ ಪೇಪರ್ ಹರಿದು ಹಾಕಬೇಡಿ. ಯಾವಾಗಿನಿಂದ ಬೇರೆ ಇದ್ದೀರಿ ಎಂದು ತೋರಿಸಲು ಅದು ಉಪಯೋಗಕ್ಕೆ ಬರುತ್ತದೆ. ಗಂಡ ಒಪ್ಪದಿದ್ದರೆ ಕ್ರೌರ್ಯದಂಥ ಕಾರಣ ಕೊಟ್ಟು ನೀವೊಬ್ಬರೇ ಅರ್ಜಿ ಹಾಕಬೇಕು. ಅದಕ್ಕೆ ಸಾಕ್ಷಿ ಬೇಕು, ಸಮಯವೂ ಜಾಸ್ತಿ ಹಿಡಿಯುತ್ತದೆ.

ಈಗ ನಿಮ್ಮ ಗೆಳತಿಯ ವಿಷಯ. ಬಾಯಿಮಾತೇ ಸಾಕು ಅನ್ನುವ ಕಾಲ ಹೋಯಿತು ಎಂದು ಅವರಿಗೆ ಹೇಳಿ. ಒಂದೇ ಏಟಿಗೆ ಕೊಡುವ ಮೂರು ತಲಾಖ್ ಅನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ರದ್ದು ಮಾಡಿತು. 2019ರ ಕಾಯ್ದೆ ಅದನ್ನು ಅಪರಾಧವನ್ನಾಗಿಯೂ ಮಾಡಿತು. ಬಾಯಲ್ಲಿ ಹೇಳಲಿ, ಚೀಟಿಯಲ್ಲಿ ಬರೆಯಲಿ, ವಾಟ್ಸಾಪ್‌ನಲ್ಲಿ ಕಳಿಸಲಿ, ಅದಕ್ಕೆ ಬೆಲೆ ಇಲ್ಲ. ಹೇಳಿದವನಿಗೆ 3 ವರ್ಷದವರೆಗೆ ಜೈಲು ಆಗಬಹುದು. ದೂರು ಕೊಡುವ ಹಕ್ಕು ಹೆಂಡತಿಗೆ ಮತ್ತು ಅವಳ ರಕ್ತಸಂಬಂಧಿ ಅಥವಾ ನೆಂಟರಿಗೆ ಮಾತ್ರ. ದೂರು ಕೊಡಬೇಕೋ ಬೇಡವೋ ಅನ್ನುವುದನ್ನು ಅವರೇ ಯೋಚಿಸಲಿ, ಯಾರೂ ಒತ್ತಾಯ ಮಾಡಬೇಡಿ.

ಹಾಗಂತ ಎಲ್ಲ ತಲಾಖ್ ರದ್ದಾಗಿಲ್ಲ. ಒಮ್ಮೆ ಹೇಳಿ ಇದ್ದತ್ ಮುಗಿಯುವವರೆಗೆ, ಅಂದರೆ ಸುಮಾರು ಮೂರು ತಿಂಗಳು, ಕಾಯುವ ತಲಾಖ್ ಈಗಲೂ ಇದೆ. ಆ ಅವಧಿಯಲ್ಲಿ ಗಂಡ ಮನಸ್ಸು ಬದಲಿಸಿ ಹೆಂಡತಿಯನ್ನು ಮರಳಿ ಕರೆಸಿಕೊಳ್ಳಬಹುದು. ಅದಕ್ಕೂ ಸರಿಯಾದ ಕಾರಣ ಇರಬೇಕು, ಎರಡೂ ಕಡೆಯ ಹಿರಿಯರು ಕೂತು ರಾಜಿಗೆ ಪ್ರಯತ್ನ ಮಾಡಿರಬೇಕು ಎಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಗೆಳತಿಯ ಗಂಡ ಇದ್ಯಾವುದನ್ನೂ ಮಾಡಿಲ್ಲ.

ಅವರಿಗೆ ಬಿಡುಗಡೆ ಬೇಕಿದ್ದರೆ ಗಂಡನ ತಲಾಖ್‌ಗೆ ಕಾಯಬೇಕಿಲ್ಲ. ಇಬ್ಬರೂ ಒಪ್ಪಿದರೆ ಮುಬಾರತ್ ಇದೆ. ಹೆಂಡತಿಯೇ ಕೇಳಿ ಪಡೆಯುವ ಖುಲಾ ಇದೆ. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಖುಲಾ ಅಂದ ತಕ್ಷಣ ‘ಮೆಹರ್ ಮಾಫ್ ಮಾಡಮ್ಮಾ, ಬೇಗ ಮುಗಿಯುತ್ತೆ’ ಎನ್ನುವ ಮಾತು ಬರುತ್ತದೆ. ಮೆಹರ್ ಅಂದರೆ ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿಕೊಂಡ ಹಣ ಅಥವಾ ಆಸ್ತಿ. ಅವಸರದಲ್ಲಿ ಸಹಿ ಹಾಕುವುದು ಬೇಡ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಅಂತ ಒಂದಿದೆ. ಗಂಡ ಎರಡು ವರ್ಷ ಜೀವನಾಂಶ ಕೊಡದೆ ಬಿಟ್ಟರೆ ಅದೊಂದೇ ಕಾರಣಕ್ಕೆ ಹೆಂಡತಿ ಕೋರ್ಟಿನಿಂದ ಬಿಡುಗಡೆ ಕೇಳಬಹುದು. ಗಂಡನ ಒಪ್ಪಿಗೆ ಬೇಕಿಲ್ಲ. ಈ ದಾರಿಯಲ್ಲಿ ಹೋದರೆ ಮೆಹರ್ ಮೇಲಿನ ಹಕ್ಕು ಹೋಗುವುದಿಲ್ಲ ಎಂದು ಆ ಕಾಯ್ದೆಯಲ್ಲೇ ಬರೆದಿದೆ. ಮೂರು ವರ್ಷ ಒಂಟಿಯಾಗಿ ಮಗಳನ್ನು ಸಾಕಿದ ಹೆಣ್ಣುಮಗಳು ತನ್ನ ಮೆಹರ್ ಅನ್ನೂ ಬಿಟ್ಟು ಬರಬೇಕಾ? ನನಗಂತೂ ಅದು ನ್ಯಾಯ ಅನಿಸುವುದಿಲ್ಲ.

ಬೇರೆಯವರ ಬಗ್ಗೆಯೂ ಒಂದು ಮಾತು. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಇದೆ, ಚರ್ಚ್ ಕೊಡುವ ರದ್ದತಿ ಪತ್ರವೊಂದೇ ಸಾಲದು. ಬೇರೆ ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಿದ್ದರೆ ಬಿಡುಗಡೆಯೂ ಅದೇ ಕಾಯ್ದೆಯಲ್ಲಿ.

ಬಿಡುಗಡೆಯ ದಾರಿ ಬೇರೆಯಾದರೂ ಹೊಟ್ಟೆಪಾಡಿನ ವಿಷಯಕ್ಕೆ ನಿಮಗಿಬ್ಬರಿಗೂ ಒಂದೇ ಬಾಗಿಲಿದೆ. ಹಿಂದೆ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) 125 ಅನ್ನುತ್ತಿದ್ದ ಜೀವನಾಂಶದ ಕಲಂ ಈಗ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಸ್ಪಷ್ಟವಾಗಿ ಹೇಳಿದೆ. ಕೆಲಸಕ್ಕೆ ಹೋಗುತ್ತೀರಿ ಅನ್ನುವ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ. ನಿಮ್ಮ ಗೆಳತಿ ಮಗಳಿಗಾಗಿಯೂ ಬೇರೆಯಾಗಿ ಕೇಳಬೇಕು. ಇನ್ನೊಂದು ವಿಷಯ, ಜೀವನಾಂಶದ ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ. ಸುಮ್ನೆ ಕಳೆದ ಪ್ರತಿ ತಿಂಗಳೂ ನಷ್ಟ.

ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿ. ಬೆಂಗಳೂರಿನ ಫ್ಯಾಮಿಲಿ ಕೋರ್ಟು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ವಾರದ ರಜೆ ಭಾನುವಾರವಾದರೆ ಒಂದು ದಿನ ಇಬ್ಬರೂ ಒಟ್ಟಿಗೆ ರಜೆ ಹಾಕಿ ಹೋಗಿಬನ್ನಿ. ನೀವು ಲಗ್ನಪತ್ರಿಕೆ, ಮದುವೆ ಫೋಟೋ, ಆಧಾರ್, ಆ ಬಾಂಡ್ ಪೇಪರ್ ಇಟ್ಟುಕೊಳ್ಳಿ. ಗೆಳತಿ ನಿಕಾಹ್‌ನಾಮೆ, ಮಗಳ ಜನನ ಪತ್ರ ತರಲಿ. ವಾಟ್ಸಾಪ್ ಸಂದೇಶ ಬಂದ ಫೋನ್ ಹಳೆಯದಾಗಿದ್ದರೂ ಮಾರಬಾರದು, ಸಂದೇಶ ಅಳಿಸಬಾರದು. ಸ್ಕ್ರೀನ್‌ಶಾಟ್ ಒಂದನ್ನೇ ನಂಬಿಕೊಳ್ಳದೆ ಆ ಫೋನನ್ನೂ ಜೊತೆಗೆ ತರಲು ಹೇಳಿ.