ಒಂದೇ ಸ್ಥಾನ, ಇಬ್ಬರು ಸ್ಪಿನ್ನರ್‌ಗಳು

ಪ್ರಶ್ನೆ: ಅನಿಲ್ ಕುಂಬ್ಳೆ ಅವರು 1990ರಲ್ಲಿ ಮೊದಲ ಟೆಸ್ಟ್ ಆಡಿದ ಮೇಲೆ ಮುಂದಿನ ಟೆಸ್ಟ್‌ಗಾಗಿ ಎರಡು ವರ್ಷ ಕಾಯಬೇಕಾಯಿತು. 2003ರ ವಿಶ್ವಕಪ್‌ನಲ್ಲಿಯೂ ಹೆಚ್ಚಿನ ಪಂದ್ಯಗಳಲ್ಲಿ ಹೊರಗೇ ಕುಳಿತರು. ಅಂಥವರು 619 ಟೆಸ್ಟ್ ವಿಕೆಟ್‌ಗಳೊಂದಿಗೆ ನಿವೃತ್ತರಾದರು. ಸ್ಪಿನ್ ಬೌಲರ್‌ನ ವೃತ್ತಿಜೀವನದಲ್ಲಿ ಇಷ್ಟು ಏರಿಳಿತಗಳಿರುವುದು ಬೌಲಿಂಗ್‌ನ ಕೊರತೆಯಿಂದಲೋ, ಅದೃಷ್ಟದಿಂದಲೋ?

ಉತ್ತರ: ತಂಡದಿಂದ ಹೊರಗುಳಿಯುವುದು ಎಷ್ಟೋ ಸಲ ಬೌಲರ್‌ನ ಕೈಯಲ್ಲಿರುವುದಿಲ್ಲ, ಮರಳಿ ಬಂದಾಗ ಏನನ್ನು ಹೊತ್ತು ತರುತ್ತಾನೆ ಎಂಬುದು ಮಾತ್ರ ಪೂರ್ತಿಯಾಗಿ ಅವನ ಕೈಯಲ್ಲಿರುತ್ತದೆ. ಕುಂಬ್ಳೆ ಅವರ ವೃತ್ತಿಜೀವನವನ್ನು ನಾನು ಓದಿಕೊಂಡಿರುವುದು ಹೀಗೆ.

ವೇಗದ ಬೌಲರ್‌ಗಳಿಗೆ ತಂಡದಲ್ಲಿ ಮೂರೋ ನಾಲ್ಕೋ ಸ್ಥಾನಗಳಿರುತ್ತವೆ. ಭಾರತದ ತಂಡ ಇಂಗ್ಲೆಂಡ್, ಆಸ್ಟ್ರೇಲಿಯಾ ಅಥವಾ ದಕ್ಷಿಣ ಆಫ್ರಿಕಾಕ್ಕೆ ಹೋದರೆ ಸ್ಪಿನ್ನರ್‌ಗೆ ಸಾಮಾನ್ಯವಾಗಿ ಉಳಿಯುವುದು ಒಂದೇ ಸ್ಥಾನ. ಹಾಗಾಗಿ ಒಬ್ಬ ಸ್ಪಿನ್ನರ್‌ನ ಇಳಿತ ಇನ್ನೊಬ್ಬನ ಏರಿಕೆಗೆ ಹೆಣೆದುಕೊಂಡೇ ಇರುತ್ತದೆ. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಕುಂಬ್ಳೆ ಅವರಿಗೆ 2001ರಲ್ಲಿ ತವರಿನಲ್ಲಿ ನಡೆದ ಆಸ್ಟ್ರೇಲಿಯಾ ವಿರುದ್ಧದ ಸರಣಿ ತಪ್ಪಿತು. ಅದೇ ಸರಣಿಯ ಮೂರು ಟೆಸ್ಟ್‌ಗಳಲ್ಲಿ ಹರಭಜನ್ ಸಿಂಗ್ 32 ವಿಕೆಟ್ ಕಿತ್ತರು. ಅಲ್ಲಿಂದ ಎರಡೂವರೆ ವರ್ಷ, ಒಬ್ಬರಿಗಷ್ಟೇ ಅವಕಾಶವಿದ್ದ ಕಡೆಗಳಲ್ಲಿ, ಹಿರಿಯರಾದ ಕುಂಬ್ಳೆ ಮತ್ತೆ ಮತ್ತೆ ಹೊರಗೆ ಕುಳಿತರು. 2003ರ ಡಿಸೆಂಬರ್‌ನಲ್ಲಿ ಹರಭಜನ್ ಬೆರಳಿನ ಗಾಯದಿಂದ ಆಸ್ಟ್ರೇಲಿಯಾ ಪ್ರವಾಸವನ್ನು ಅರ್ಧಕ್ಕೇ ಬಿಟ್ಟು ಮರಳಿದಾಗ ಅಡಿಲೇಡ್ ಟೆಸ್ಟ್‌ನ ಬಾಗಿಲು ಕುಂಬ್ಳೆ ಅವರಿಗೆ ತೆರೆಯಿತು. ಇಷ್ಟನ್ನು ಅದೃಷ್ಟ ಎನ್ನುವುದಾದರೆ ಎನ್ನಬಹುದು.

ಆದರೆ ಅದೇ ಆಸ್ಟ್ರೇಲಿಯಾದಲ್ಲಿ, 1999–2000ರ ಪ್ರವಾಸದ ಮೂರು ಟೆಸ್ಟ್‌ಗಳಲ್ಲಿ ಅವರು ಪಡೆದಿದ್ದು ಕೇವಲ 5 ವಿಕೆಟ್, ಅದೂ ತಲಾ 90 ರನ್ ತೆತ್ತು. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್‌ಗೆ ಉರುಳಿಸಿ ಒಂದು ವರ್ಷವೂ ಆಗಿರಲಿಲ್ಲ. ಇದು ಅದೃಷ್ಟದ ಮಾತಲ್ಲ. ಎತ್ತರದ ನಿಲುವಿನ ಕುಂಬ್ಳೆ ತೋಳನ್ನು ನೆಟ್ಟಗೆ ಮೇಲೆತ್ತಿ, ಲೆಗ್ ಸ್ಪಿನ್ನರ್‌ಗೆ ಅಪರೂಪವಾದ ವೇಗದಲ್ಲಿ ಚೆಂಡನ್ನು ಪಿಚ್‌ಗೆ ಬಡಿಯುತ್ತಿದ್ದರು. ಬಿರುಕು ಬಿಟ್ಟ, ಪುಟಿತದಲ್ಲಿ ಏರುಪೇರಿರುವ ತವರಿನ ಪಿಚ್‌ನಲ್ಲಿ ಅಂಥ ಚೆಂಡು ಒಮ್ಮೆ ಕೈಗವಸಿಗೆ ನೆಗೆಯುತ್ತಿತ್ತು, ಇನ್ನೊಮ್ಮೆ ಪ್ಯಾಡಿನ ಕೆಳಭಾಗಕ್ಕೆ ನುಗ್ಗುತ್ತಿತ್ತು. ಗಟ್ಟಿಯಾದ, ಸಮನಾಗಿ ಪುಟಿಯುವ ಪಿಚ್‌ನಲ್ಲಿ ಅದೇ ಚೆಂಡು ನಿರೀಕ್ಷಿಸಿದಲ್ಲಿಗೇ ಬರುತ್ತದೆ. ತಿರುವು ಕಡಿಮೆಯಿದ್ದರೆ ಒಳ್ಳೆಯ ಬ್ಯಾಟ್ಸ್‌ಮನ್ ಹಿಂಗಾಲಿಗೆ ಸರಿದು ನಿರಾಳವಾಗಿ ಆಡುತ್ತಾನೆ.

ಹೊರಗೆ ಕುಳಿತಿದ್ದ ಅವಧಿಯಲ್ಲಿ ಅವರು ತಿದ್ದಿಕೊಂಡದ್ದು ಇದನ್ನೇ. 2003–04ರಲ್ಲಿ ನಾವು ಕಂಡ ಕುಂಬ್ಳೆ ವೇಗವನ್ನು ಇಳಿಸಿ ಏರಿಸಿ ಆಡಿಸುತ್ತಿದ್ದರು, ಗೂಗ್ಲಿಯನ್ನು ಮೊದಲಿಗಿಂತ ಧೈರ್ಯವಾಗಿ ಬಳಸುತ್ತಿದ್ದರು. ಗೂಗ್ಲಿ ಎಸೆಯುವಾಗ ಮಣಿಕಟ್ಟು ಇನ್ನಷ್ಟು ಹೊರಳಿ ಕೈಯ ಹಿಂಬದಿ ಬ್ಯಾಟ್ಸ್‌ಮನ್‌ನತ್ತ ತಿರುಗುತ್ತದೆ. ಲೆಗ್‌ನಿಂದ ಆಫ್ ಕಡೆಗೆ, ಅಂದರೆ ಬಲಗೈ ಆಟಗಾರನಿಂದ ಹೊರಕ್ಕೆ ಹೋಗಬೇಕಾದ ಚೆಂಡು ಅವನ ಒಳಕ್ಕೆ ಬರುತ್ತದೆ. ಅದನ್ನು ನಿಧಾನಗತಿಯಲ್ಲಿ, ಗಾಳಿಯಲ್ಲಿ ಸ್ವಲ್ಪ ತೇಲಿಸಿ ಹಾಕಿದಾಗ ಹಿಂಗಾಲಿನಲ್ಲಿ ಕಾಯುತ್ತಿದ್ದವನ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಫಲ: ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್, ಸಿಡ್ನಿಯ ಮೊದಲ ಇನಿಂಗ್ಸ್‌ನಲ್ಲಿ 141 ರನ್‌ಗೆ 8. ಸಿಡ್ನಿಯ ಆ ಸಾಧನೆಯನ್ನು ನಾನು ಕೋಟ್ಲಾದ ಹತ್ತು ವಿಕೆಟ್‌ಗಿಂತ ಮೇಲೆ ಇರಿಸುತ್ತೇನೆ. ಕೋಟ್ಲಾದಲ್ಲಿ ಅವರಿಗೆ ಗೊತ್ತಿದ್ದ ವಿದ್ಯೆ ಫಲ ಕೊಟ್ಟಿತು. ಸಿಡ್ನಿಯಲ್ಲಿ ಮೂವತ್ತು ದಾಟಿದ ಮೇಲೆ ಹೊಸದಾಗಿ ರೂಢಿಸಿಕೊಂಡದ್ದು ಫಲ ಕೊಟ್ಟಿತು.

2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ಅವರ ವಿಕೆಟ್ ಪಡೆದ ಪ್ರಸಂಗವನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಲೇಬೇಕು. ಆದರೆ ಅದೇ ವರ್ಷ ಇಂಗ್ಲೆಂಡಿನ ಹೆಡಿಂಗ್ಲೆಯಲ್ಲಿ 7 ವಿಕೆಟ್ ಪಡೆದು ಭಾರತದ ಗೆಲುವಿಗೆ ನೆರವಾದದ್ದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಅವರ ಬೌಲಿಂಗ್ ಮಗ್ಗುಲು ಬದಲಿಸುತ್ತಿದ್ದುದರ ಸುಳಿವು ಅಲ್ಲಿತ್ತು.

1990ರ ಸಂಗತಿ ಸರಳ. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ದೇಶೀಯ ಕ್ರಿಕೆಟ್‌ಗೆ ಮರಳಿ, 1992ರ ಇರಾನಿ ಕಪ್ ಪಂದ್ಯದಲ್ಲಿ ದೆಹಲಿ ವಿರುದ್ಧ 13 ವಿಕೆಟ್ ಪಡೆದು ಮತ್ತೆ ತಂಡಕ್ಕೆ ಬಂದರು.

ಪ್ರಶ್ನೆ: ಮರಳಿ ಬರಲು ಒಮ್ಮೆಯೂ ಆಗದ ಒಳ್ಳೆಯ ಸ್ಪಿನ್ನರ್‌ಗಳೂ ಇದ್ದಾರಲ್ಲವೇ?

ಉತ್ತರ: ಖಂಡಿತವಾಗಿಯೂ ಇದ್ದಾರೆ, ಅವರನ್ನು ಮರೆತು ಕುಂಬ್ಳೆ ಅವರ ಬಗ್ಗೆ ಮಾತನಾಡುವುದು ನ್ಯಾಯವಲ್ಲ. ರಣಜಿ ಟ್ರೋಫಿಯಲ್ಲಿ 637 ವಿಕೆಟ್ ಪಡೆದ ಎಡಗೈ ಸ್ಪಿನ್ನರ್ ರಾಜಿಂದರ್ ಗೋಯಲ್ ಅವರಿಗೆ ಒಂದು ಟೆಸ್ಟ್ ಕೂಡ ಸಿಗಲಿಲ್ಲ, ಏಕೆಂದರೆ ಅವರ ಕಾಲದಲ್ಲಿ ಆ ಸ್ಥಾನದಲ್ಲಿ ಬಿಷನ್ ಸಿಂಗ್ ಬೇಡಿ ಇದ್ದರು. ಬೇಡಿ ನಿವೃತ್ತರಾದ ಮೇಲೆಯೇ ಅವಕಾಶ ಸಿಕ್ಕ ದಿಲೀಪ್ ದೋಶಿ, ಮೂವತ್ತೊಂದು ದಾಟಿದ ಮೇಲೆ ಮೊದಲ ಟೆಸ್ಟ್ ಆಡಿಯೂ 33 ಪಂದ್ಯಗಳಲ್ಲಿ 114 ವಿಕೆಟ್ ಪಡೆದರು. ಇದಕ್ಕೆ ತಿರುಗುಮುರುಗಾಗಿ, 1988ರಲ್ಲಿ ಮದ್ರಾಸಿನ ತಮ್ಮ ಚೊಚ್ಚಲ ಟೆಸ್ಟ್‌ನಲ್ಲೇ ವೆಸ್ಟ್ ಇಂಡೀಸ್‌ನ 16 ವಿಕೆಟ್ ಉರುಳಿಸಿದ ನರೇಂದ್ರ ಹಿರ್ವಾನಿ 17 ಟೆಸ್ಟ್‌ಗಳಿಗೇ ನಿಂತರು. ಗೋಯಲ್ ಅವರ ವಿಷಯದಲ್ಲಂತೂ ಬೌಲಿಂಗ್‌ನ ಕೊರತೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆಯ್ಕೆದಾರರು ಒಂದೆರಡು ಟೆಸ್ಟ್‌ಗಳಲ್ಲಾದರೂ ಬೇಡಿ ಅವರ ಜೊತೆಗೇ ಅವರನ್ನು ಆಡಿಸಬಹುದಿತ್ತು.