ಕೇಳಿ ನೋಡಿ: ಅಣ್ಣ ತಮ್ಮನ ಮೆಟಲ್ ಜಗಳ

ಹೋದ ಸಂಚಿಕೆಯಲ್ಲಿ ನನ್ನ ಹಳೆ ಅಂಗಡಿಯ ಬಗ್ಗೆ ಎರಡು ಸಾಲು ಬರೆದಿದ್ದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹನ್ನೆರಡು ವರ್ಷ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಕೊಡುತ್ತಿದ್ದೆ ಅಂತ. ಭಾವಗೀತೆ, ಯಕ್ಷಗಾನದ ಪ್ರಶ್ನೆ ಬರುತ್ತವೆ ಅಂದುಕೊಂಡಿದ್ದೆ. ಬಂದದ್ದು ಪೂರ್ತಿ ಹೆವಿ ಮೆಟಲ್, ಗಿಟಾರು ಡ್ರಮ್ಮಿನ ಆ ಭಾರೀ ಸದ್ದಿನ ರಾಕ್ ಸಂಗೀತ! ಆಗಲಿ. ಅಡಿಕೆ ಕೊಯ್ಲು ಇನ್ನೂ ಶುರುವಾಗಿಲ್ಲ, ನನಗೂ ಪುರುಸೊತ್ತಿದೆ.

ಅಣ್ಣನಿಗೆ ಐರನ್ ಮೇಡನ್ ಬ್ಯಾಂಡ್‌ನ ‘ಹ್ಯಾಲೋಡ್ ಬಿ ದೈ ನೇಮ್’ ಹಾಡು ಅಂದರೆ ಪ್ರಾಣ. ನನಗೆ ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’. ಮೂರು ತಿಂಗಳಿಂದ ಊಟಕ್ಕೆ ಕೂತಾಗೆಲ್ಲ ಜಗಳ. ನೀವೇ ತೀರ್ಪು ಕೊಡಿ ಸರ್.
— ಇಂಜಿನಿಯರಿಂಗ್ ವಿದ್ಯಾರ್ಥಿ, ತೀರ್ಥಹಳ್ಳಿ

ತಮ್ಮಾ, ನಿಮ್ಮದು ಒಳ್ಳೆ ಜಗಳ. ಎಷ್ಟೋ ಜನ ಹೋಲಿಸಬಾರದ್ದನ್ನು ಹೋಲಿಸುತ್ತಾರೆ. ಯಕ್ಷಗಾನದ ಆಟ ನೋಡಿ ಬಂದವರು ಕರುಣದ ಪದ್ಯವನ್ನೂ ಯುದ್ಧದ ಪದ್ಯವನ್ನೂ ಒಂದೇ ತಕ್ಕಡಿಗೆ ಹಾಕುತ್ತಾರಾ? ನೀವಿಬ್ಬರು ಹಾಕಿದ್ದು ಸರಿಯಾದ ತಕ್ಕಡಿಗೆ. ‘ಹ್ಯಾಲೋಡ್’ 1982ರದು, ಏಳು ನಿಮಿಷ ಚಿಲ್ಲರೆ. ‘ಮಾಸ್ಟರ್’ 1986ರದು, ಎಂಟೂವರೆ ನಿಮಿಷ. ಮೊದಲನೆಯದರಲ್ಲಿ ನೇಣಿಗೆ ಹೊರಟ ಕೈದಿ ಮಾತಾಡುತ್ತಾನೆ. ಎರಡನೆಯದರಲ್ಲಿ ಮನುಷ್ಯನನ್ನು ಹಿಡಿದ ಮಾದಕವಸ್ತುವೇ ಮಾತಾಡುತ್ತದೆ. ಎರಡರಲ್ಲೂ ಇರುವವನು ಕಟ್ಟಿಹಾಕಿದ ಮನುಷ್ಯನೇ ಅಲ್ವಾ?

ಗಿಟಾರಿನ ಕೈ ಮಾತ್ರ ನೋಡಿದರೆ ನೀನು ಗೆದ್ದೆ. ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ತಂತಿಯನ್ನು ಮೇಲಿಂದ ಕೆಳಕ್ಕೇ ಹೊಡೆಯುತ್ತಾನೆ, ಒನಕೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಆ ವೇಗದಲ್ಲಿ ಅದು ಸುಲಭದ ಕೆಲಸ ಅಲ್ಲ. ಹಾಡಿನ ನಡುವೆ ಗದ್ದಲ ತಟ್ಟನೆ ನಿಂತು ಗಿಟಾರು ಮೆಲ್ಲಗೆ ಮಾತಾಡುವ ಜಾಗ ಇದೆಯಲ್ಲ, ಅಲ್ಲಿಗೆ ಬಂದಾಗ ನಾನು ಇವತ್ತಿಗೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತೇನೆ.

ಆದರೆ ನನ್ನದು ಅಂಗಡಿಯವನ ಅಳತೆ. ಕ್ಯಾಸೆಟ್ಟಿನಲ್ಲಿ ಜಾಗ ಕಡಿಮೆ ಬಿದ್ದರೆ ಈ ಹಾಡಿನ ಯಾವ ಭಾಗ ಕತ್ತರಿಸಬಹುದು? ಹೊಟ್ಟೆಪಾಡಿಗಾಗಿ ದಿನಾ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಇದು. ಇದರಲ್ಲಿ ಒಮ್ಮೆ ಮಾನ ಹೋಗಿದ್ದೂ ಇದೆ. ಹೊಸನಗರದ ಹುಡುಗನೊಬ್ಬ 90 ನಿಮಿಷದ ಕ್ಯಾಸೆಟ್ ಕೊಟ್ಟು ಪಟ್ಟಿ ಬರೆದಿಟ್ಟು ಹೋಗಿದ್ದ. ಮೊದಲ ಸೈಡ್ ಮುಗಿಯಲು ನಾಲ್ಕು ನಿಮಿಷ ಉಳಿದಿತ್ತು. ಮೆಟಾಲಿಕಾದ ‘ಒನ್’ ಏಳೂವರೆ ನಿಮಿಷದ ಹಾಡು. ನಾನು ಅದನ್ನು ಪೂರ್ತಿ ಕೇಳೇ ಇರಲಿಲ್ಲ. ಶುರುವಿನಲ್ಲಿ ಮೆತ್ತಗಿತ್ತು, ಕೊನೆಯವರೆಗೂ ಹೀಗೇ ಇರುತ್ತದೆ ಅಂದುಕೊಂಡು ಇದ್ದ ಜಾಗದಷ್ಟು ತುಂಬಿಸಿ ಕೊಟ್ಟೆ. ಯುದ್ಧದಲ್ಲಿ ಕೈ, ಕಾಲು, ಕಣ್ಣು, ಮಾತು ಎಲ್ಲ ಕಳೆದುಕೊಂಡ ಸೈನಿಕನ ಹಾಡು ಅದು. ಡ್ರಮ್ಮು ಮೆಷಿನ್‌ಗನ್ನಿನ ಹಾಗೆ ಸಿಡಿಯುವುದು ನಾಲ್ಕೂವರೆ ನಿಮಿಷ ಆದಮೇಲೆ. ಹುಡುಗ ಎರಡು ವರ್ಷ ಬಿಟ್ಟು ಬಂದು, ‘ಆ ಹಾಡು ಎಂಥ ಮೆಲೋಡಿ ಮಾರಾಯ್ರೆ, ಅಮ್ಮನಿಗೂ ಇಷ್ಟ’ ಅಂದ. ನಾನು ಬಾಯಿ ಬಿಡಲಿಲ್ಲ.

ಈ ಅಳತೆ ಹಿಡಿದರೆ ‘ಮಾಸ್ಟರ್’ನ ಕೊನೆಯಲ್ಲಿ ಪಲ್ಲವಿ ಮತ್ತೆ ಬರುತ್ತದೆ. ಅದರಲ್ಲಿ ಅರ್ಧ ನಿಮಿಷ ತೆಗೆದರೆ ಹಾಡು ಸಾಯುವುದಿಲ್ಲ. ‘ಹ್ಯಾಲೋಡ್’ನಲ್ಲಿ ಎಲ್ಲಿ ಕತ್ತರಿ ಇಡುತ್ತೀ? ಗಂಟೆಯ ಸದ್ದು ತೆಗೆದರೆ ನೇಣಿನ ಹೊತ್ತು ಗೊತ್ತಾಗುವುದಿಲ್ಲ. ನಿಧಾನದ ಶುರು ತೆಗೆದರೆ ಮುಂದಿನ ಓಟಕ್ಕೆ ಅರ್ಥ ಇಲ್ಲ. ಆಮೇಲೆ ಬಹಳ ಹೊತ್ತು ಮಾತೇ ಇಲ್ಲ, ಬರೀ ಗಿಟಾರು. ಅದನ್ನು ತೆಗೆದರೆ ಕೈದಿ ನೇಣುಗಂಬದವರೆಗೆ ನಡೆದು ಹೋಗುವುದೇ ಇಲ್ಲ. ಕೂದಲೆಳೆಯಷ್ಟು ಅಂತರದಲ್ಲಿ ಅಣ್ಣ ಗೆದ್ದ. ನೀನು ಒಪ್ಪಬೇಕಾಗಿಲ್ಲ. ‘ಒಪ್ಪಲ್ಲ’ ಅನ್ನುವಾಗ ಯಾವ ನಿಮಿಷದಲ್ಲಿ ಏನಿದೆ ಅಂತ ಹೇಳಿ ಒಪ್ಪಬೇಡ.

ವೇಗ ಜಾಸ್ತಿ ಇದ್ದಷ್ಟೂ ಒಳ್ಳೆ ಮೆಟಲ್ ಅಂತ ನನ್ನ ವಾದ. ಸ್ಲೇಯರ್ ಬ್ಯಾಂಡಿನ ಮುಂದೆ ಬ್ಲ್ಯಾಕ್ ಸಬ್ಬಾತ್ ತೂಕಡಿಸಿದ ಹಾಗಿದೆ. ಏನಂತೀರಿ?
— ಭದ್ರಾವತಿಯ ಓದುಗ

ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಆಲ್ಬಂ ನನಗೂ ಇಷ್ಟ. ಹತ್ತು ಹಾಡು ಸೇರಿ 29 ನಿಮಿಷ. 60 ನಿಮಿಷದ ಕ್ಯಾಸೆಟ್ಟಿನ ಒಂದೇ ಸೈಡಿಗೆ ಇಡೀ ಆಲ್ಬಂ ಹಿಡಿಸುತ್ತಿತ್ತು. ಅಂಗಡಿಯವನಿಗೆ ಇನ್ನೇನು ಬೇಕು!

ಆದರೆ ನೀವು ಉಕ್ಕಿನ ಊರಿನವರು. ಸಬ್ಬಾತ್‌ನ ನಿಧಾನ ಎಲ್ಲಿಂದ ಬಂತು ಅಂತ ನಿಮಗೇ ಮೊದಲು ಗೊತ್ತಾಗಬೇಕಿತ್ತು. ಅವರ ಗಿಟಾರು ವಾದಕ ಟೋನಿ ಐಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಗಡಿನ ಕಾರ್ಖಾನೆಯಲ್ಲಿದ್ದ. ಹದಿನೇಳು ವರ್ಷ. ಕೆಲಸ ಬಿಡುವ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವನು ಎಡಚ, ತಂತಿ ಒತ್ತಬೇಕಾದದ್ದು ಬಲಗೈಯೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ತೆಳು ತಂತಿ ಹಾಕಿದ. ಮುಂದೆ ಒತ್ತುವುದು ಹಗುರಾಗಲಿ ಅಂತ ಶ್ರುತಿಯನ್ನೇ ಇಳಿಸಿದ. ತಂತಿ ಸಡಿಲಾಯಿತು, ಸದ್ದು ಭಾರವಾಯಿತು. ಆಮೇಲೆ ಬಂದ ಎಷ್ಟೋ ಬ್ಯಾಂಡುಗಳು ಹತ್ತು ಬೆರಳೂ ಸರಿ ಇಟ್ಟುಕೊಂಡು ಅದೇ ಭಾರಕ್ಕಾಗಿ ಶ್ರುತಿ ಇಳಿಸುತ್ತವೆ.

ವೇಗಕ್ಕೆ ವೇಗವನ್ನೇ ಹೋಲಿಸಿ. ಭಾರಕ್ಕೆ ಭಾರ. ಇನ್ನೊಂದು ಮಾತು, ವಾಲ್ಯೂಮ್ ತೀರಾ ಇಳಿಸಿ ಕೇಳಿ. ಬರೀ ವೇಗದ ಹಾಡಾದರೆ ಜೀರುಂಡೆ ಸದ್ದಷ್ಟೇ ಉಳಿಯುತ್ತದೆ. ಅದೇ ಆಲ್ಬಮ್ಮಿನ ‘ರೇನಿಂಗ್ ಬ್ಲಡ್’ ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಮಾತ್ರ ಆಗಲೂ ಗುನುಗಲು ಸಿಗುತ್ತದೆ. ಅದು ಗೆದ್ದದ್ದು ಅದಕ್ಕೇ, ವೇಗಕ್ಕಲ್ಲ.

ಮಗ ದಿನವಿಡೀ ಇದನ್ನೇ ಹಾಕುತ್ತಾನೆ. ನಾನು ಚಿಕ್ಕಂದಿನಲ್ಲಿ ಸಂಗೀತ ಕಲಿತವಳು. ನನಗೆ ಎಲ್ಲವೂ ಒಂದೇ ಥರ ಕೇಳುತ್ತದೆ. ಇದರಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಬೇರೆ ಇದೆಯೇ?
— ಸಾಗರದ ಗೃಹಿಣಿ

ಇದೆ ಅಕ್ಕಾ. ಸಂಗೀತ ಬರುವ ನಿಮಗೆ ಬೇಗ ಸಿಗುತ್ತದೆ. ಬ್ಲ್ಯಾಕ್ ಸಬ್ಬಾತ್‌ನ ಮೊದಲ ಆಲ್ಬಮ್ಮಿನ ಮೊದಲ ಹಾಡು ಹಾಕಲು ಹೇಳಿ. 1970ರದು, ಅದರ ಹೆಸರೂ ‘ಬ್ಲ್ಯಾಕ್ ಸಬ್ಬಾತ್’. ಶುರುವಿನಲ್ಲಿ ಮಳೆ, ದೂರದಲ್ಲಿ ಗಂಟೆ. ಜುಲೈಯಲ್ಲಿ ಅಂಗಡಿಯಲ್ಲಿ ಹಾಕಿದರೆ ಯಾವುದು ಟೇಪಿನ ಮಳೆ, ಯಾವುದು ದುರ್ಗಿಗುಡಿಯ ಮಳೆ ಅಂತ ತಿಳಿಯುತ್ತಿರಲಿಲ್ಲ. ಆಮೇಲೆ ಬರುವುದು ಮೂರೇ ಸ್ವರ. ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪಂಚಮಕ್ಕೆ ತುಸು ಕೆಳಗಿನ ಪ್ರತಿಮಧ್ಯಮ. ಪಂಚಮಕ್ಕೆ ಬರುತ್ತಾರೆ ಅಂತ ಕಿವಿ ಕಾಯುತ್ತದೆ, ಅವರು ಬರುವುದೇ ಇಲ್ಲ. ಕಲ್ಯಾಣಿ ರಾಗದಲ್ಲಿ ಇದೇ ಪ್ರತಿಮಧ್ಯಮ ಮದುವೆ ಮನೆಗೆ ಒಪ್ಪುತ್ತದೆ. ಇಲ್ಲಿ ಅದನ್ನು ಒಂಟಿಯಾಗಿ ನಿಲ್ಲಿಸಿ ಹೆದರಿಸುತ್ತಾರೆ. ಹೆದರಿಕೆ ಹುಟ್ಟಿತಾ, ಬರೀ ತಲೆನೋವು ಬಂತಾ, ನೀವೇ ನೋಡಿ. ತಲೆನೋವೇ ಬಂದರೆ ಮಗನಿಗೆ ಬಾಗಿಲು ಹಾಕಿಕೊಳ್ಳಲು ಹೇಳಿ, ತಪ್ಪೇನಿಲ್ಲ.

ಮೆಟಾಲಿಕಾ ಬೆಂಗಳೂರಿಗೆ ಬಂದಾಗ ಹೋಗಿದ್ದಿರಾ? ಅಲ್ಲಿ ಕೇಳಿದ್ದರಲ್ಲಿ ಯಾವುದು ಬೆಸ್ಟ್?
— ಶಿಕಾರಿಪುರದ ಓದುಗ

ಹೋಗಿದ್ದೆ. 2011ರ ಅಕ್ಟೋಬರ್ 30, ಅರಮನೆ ಮೈದಾನ. ಚಪ್ಪಲಿ ಕೆಸರಲ್ಲೇ ಹೋಯಿತು, ರಾತ್ರಿ ಬಸ್ಸಿಗೆ ಬರಿಗಾಲಲ್ಲಿ ಹತ್ತಿದೆ. ಆವತ್ತು ಎಲ್ಲ ಹಾಡೂ ಬೆಸ್ಟೇ. ಹಸಿದವನು ಜಾತ್ರೆಯಲ್ಲಿ ತಿಂದ ಮಂಡಕ್ಕಿಗೆ ರುಚಿ ನೋಡಿ ಮಾರ್ಕು ಕೊಡುತ್ತಾನಾ? ಅಳೆಯುವುದಾದರೆ ಮನೆಯಲ್ಲಿ ಅಳೆಯಿರಿ. ನಾನು ಅಡಿಕೆ ಸುಲಿಯುವಾಗ ಅಳೆಯುತ್ತೇನೆ. ಮೆಟ್ಟುಗತ್ತಿ ಮುಂದೆ ಕೂತಾಗ ತಾನಾಗಿ ಬಾಯಿಗೆ ಬರುವ ರಿಫ್ ಯಾವುದು ಅಂತ. ಹೋದ ವರ್ಷ ಸುಗ್ಗಿ ಪೂರ್ತಿ ಬ್ಲ್ಯಾಕ್ ಸಬ್ಬಾತ್‌ನ ‘ಪ್ಯಾರನಾಯ್ಡ್’ ಬಂತು. ಮೂರು ನಿಮಿಷವೂ ಇಲ್ಲದ ಹಾಡು, ಆಲ್ಬಮ್ಮಿನಲ್ಲಿ ಜಾಗ ತುಂಬಿಸಲು ಅವಸರದಲ್ಲಿ ಮಾಡಿದ್ದು.

ನಿಮ್ಮ ಅಂಗಡಿಯ ಹಳೆ ಕ್ಯಾಸೆಟ್ ಇದ್ದರೆ ಕೊಳ್ಳುತ್ತೇನೆ.
— ಶಿವಮೊಗ್ಗದ ಓದುಗ

ಅಟ್ಟದ ಮೇಲಿದ್ದವಕ್ಕೆ ಬೂಷ್ಟು ಹಿಡಿದಿದೆ. ನಮ್ಮ ಮಳೆಗಾಲ ಗೊತ್ತಲ್ಲ. ಹಾಡುವ ಸ್ಥಿತಿಯಲ್ಲಿ ಹನ್ನೆರಡು ಉಳಿದಿವೆ, ಮಾರುವುದಿಲ್ಲ. ನಿಮಗೆ ‘ಒನ್’ ಹಾಡಿನ ಅರ್ಧದ ಕ್ಯಾಸೆಟ್ಟೇ ಬೇಕಿದ್ದರೆ ಅದು ನನ್ನ ಹತ್ತಿರ ಇಲ್ಲ. ಹೊಸನಗರದಲ್ಲಿದೆ. ಆ ಹುಡುಗನ ಅಮ್ಮ ಕೊಡುತ್ತಾರಾ, ಗೊತ್ತಿಲ್ಲ.