8 ತಿಂಗಳ ಸರ್ವೀಸಿಗೆ ಎಲ್-1 ವೀಸಾ ಸಿಗುತ್ತಾ?

ಮೈಸೂರಿನ ಹೆಬ್ಬಾಳದ ಆಫೀಸಿಗೆ ಸೇರಿ 8 ತಿಂಗಳಾಗಿದೆ, ಅದೇ ಕಂಪನಿಯ ಅಮೆರಿಕದ ಶಾಖೆಗೆ ಎಲ್-1 (ಕಂಪನಿಯೊಳಗಿನ ವರ್ಗಾವಣೆಯ ವೀಸಾ) ಮೇಲೆ ಹೋಗಬಹುದಾ, ಹೆಂಡತಿ ಅಲ್ಲಿ ಕೆಲಸ ಮಾಡಬಹುದಾ ಅಂತ ಕೇಳಿದ್ದೀರಿ.

ಈಗಲೇ ಆಗಲ್ಲ. ಹಿಂದಿನ 3 ವರ್ಷದೊಳಗೆ ಅಮೆರಿಕದ ಹೊರಗೆ ಅದೇ ಕಂಪನಿಯಲ್ಲಿ ಸತತ 1 ವರ್ಷ ದುಡಿದಿರಬೇಕು. ಅರ್ಜಿ ಹಾಕುವುದು ಕಂಪನಿಯೇ. ಎಚ್-1ಬಿ ಕೆಲಸದ ವೀಸಾ ಥರ ಲಾಟರಿ ಇಲ್ಲ.

ಮ್ಯಾನೇಜರುಗಳಿಗೆ ಎಲ್-1ಎ, ಗರಿಷ್ಠ 7 ವರ್ಷ. ವಿಶೇಷ ಜ್ಞಾನ ಇರುವವರಿಗೆ ಎಲ್-1ಬಿ, 5 ವರ್ಷ. ಜನ ಎಡವೋದು ಈ ಎಲ್-1ಬಿಯಲ್ಲೇ. ಜಾವಾ ಗೊತ್ತು ಅಂದರೆ ಸಾಲದು. ಕಂಪನಿಯ ಸ್ವಂತ ಸಾಫ್ಟ್‌ವೇರಿನ ಯಾವ ಭಾಗ ನಿಮ್ಮ ಕೈಯಲ್ಲಿದೆ, ಹೊಸಬರಿಗೆ ಅದನ್ನು ಕಲಿಸೋಕೆ ಎಷ್ಟು ತಿಂಗಳು ಬೇಕು ಅಂತ ಬಿಡಿಸಿ ಹೇಳಬೇಕು. ಚೆನ್ನೈಗೆ ವೀಸಾ ಸಂದರ್ಶನಕ್ಕೆ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಹೋಗುವಾಗ ನಾನು ಇದನ್ನೇ ನಾಲ್ಕು ಸಾಲು ಬರೆದುಕೊಂಡು ರಾತ್ರಿಯೆಲ್ಲ ಓದಿಕೊಂಡಿದ್ದೆ. ಅಧಿಕಾರಿ ಕೇಳಿದ್ದೂ ಅದನ್ನೇ.

ಹೆಂಡತಿಗೆ ಎಲ್-2, ಅಂದರೆ ಎಲ್-1 ಇರುವವರ ಕುಟುಂಬದ ವೀಸಾ, ಸಿಗುತ್ತೆ. ಅಮೆರಿಕಕ್ಕೆ ಪ್ರವೇಶಿಸಿದ ದಾಖಲೆಯಾದ ಐ-94ರಲ್ಲಿ ಎಲ್-2ಎಸ್ (ಎಲ್-1 ಇರುವವರ ಸಂಗಾತಿ) ಅಂತ ನಮೂದಾಗಿದ್ದರೆ ಬೇರೆ ಪರ್ಮಿಟ್ ಇಲ್ಲದೆ ಕೆಲಸ ಮಾಡಬಹುದು. ಮದುವೆ ಸರ್ಟಿಫಿಕೇಟ್ ಇಲ್ಲದಿದ್ದರೆ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಈಗಲೇ ಮಾಡಿಸಿ. ಹೆಸರು, ಇನಿಷಿಯಲ್ ಎರಡೂ ಪಾಸ್‌ಪೋರ್ಟಿನ ಜೊತೆ ತಾಳೆಯಾಗಲಿ.

ಎಲ್-1 ಹಿಡಿದು ಅಲ್ಲಿ ಬೇರೆ ಕಂಪನಿ ಸೇರೋಕೆ ಆಗಲ್ಲ. ಹಾಗಾಗಿ ಹೊರಡುವ ಮುಂಚೆ ಸಂಬಳ, ಇನ್ಶೂರೆನ್ಸ್, ವಾಪಸ್ ಬಂದ ಮೇಲಿನ ಹುದ್ದೆ ಎಲ್ಲವನ್ನೂ ಬರಹದಲ್ಲಿ ತಗೊಳ್ಳಿ.